ಕ್ಯಾಟಲಾಗ್ ಮಾವ ಚಾಕು ಆರಿಸಿದ್ದು

ಅಮ್ಮನ ಅಣ್ಣನನ್ನು ನಮ್ಮ ಬೀದಿಯವರೆಲ್ಲ ಕ್ಯಾಟಲಾಗ್ ಮಾವ ಎಂದು ಕರೆಯುತ್ತಿದ್ದರು. ಮೂವತ್ತೊಂದು ವರ್ಷ ಅವರು ಒಂದು ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದಿದವರು. ಆ ಪ್ರೆಸ್ಸಿನಲ್ಲಿ ಕಥೆ, ಕವನ ಅಚ್ಚಾಗುತ್ತಿರಲಿಲ್ಲ. ಪಂಪು, ಪೈಪು, ಬೀಗ, ಕತ್ತರಿ, ಚಾಕು ಇಂಥವುಗಳ ಕ್ಯಾಟಲಾಗುಗಳು ಅಚ್ಚಾಗುತ್ತಿದ್ದವು. ಮಾವ ಒಂದೊಂದನ್ನೂ ಮೂರು ಮೂರು ಸಲ, ಒಂದಕ್ಷರ ಬಿಡದೆ ಓದಿದ್ದರು, ಓದಿದ್ದನ್ನು ಮರೆಯುವ ಜಾಯಮಾನವೂ ಅವರದಲ್ಲ. ಹೀಗಾಗಿ ಅಂಗಡಿಯಲ್ಲಿ ಸಿಗುವ ಯಾವ ಸಾಮಾನಿನ ಹೆಸರು ಹೇಳಿದರೂ ಅದರ ಉದ್ದ, ಅಗಲ, ತೂಕ ಅವರ ನಾಲಿಗೆಯ ತುದಿಯಲ್ಲಿರುತ್ತಿತ್ತು. ಸಾಮಾನು ಮಾತ್ರ ಅವರ ಹತ್ತಿರ ಒಂದೂ ಇರಲಿಲ್ಲ.

ಮದುವೆಯಾಗದ ಮನುಷ್ಯ, ನಮ್ಮ ಮನೆಯ ಮುಂಗೋಣೆಯಲ್ಲೇ ಇದ್ದರು. ಕೋಣೆಯಲ್ಲಿ ಒಂದು ಮಂಚ, ಒಂದು ಟೇಬಲ್ ಫ್ಯಾನು, ಪ್ರೆಸ್ಸಿನಿಂದ ತಂದ ನಾಲ್ಕು ಕೆಂಪು ಪೆನ್ಸಿಲು. ಫ್ಯಾನು ತಿರುಗಬೇಕಾದರೆ ಅಮ್ಮ ಬಂದು ತಲೆಗೊಂದು ಮೊಟಕಬೇಕಿತ್ತು, ಫ್ಯಾನಿನ ತಲೆಗೆ. ಆ ಮೋಟರು ನಿಮಿಷಕ್ಕೆ ಎಷ್ಟು ಸುತ್ತು ಸುತ್ತಬೇಕು ಎಂದು ಮಾವ ಮಂಚದ ಮೇಲಿಂದ ಹೇಳುತ್ತಿದ್ದರು. ಅಮ್ಮ ಕೇಳಿಸಿಕೊಳ್ಳದೆ ಒಳಗೆ ಹೋಗುತ್ತಿದ್ದಳು.

ಬೀದಿಯವರು ಹಾಗಲ್ಲ, ಏನು ಕೊಳ್ಳುವುದಿದ್ದರೂ ಮೊದಲು ಇವರ ಹತ್ತಿರ ಬರುತ್ತಿದ್ದರು. ಎದುರು ಮನೆಯ ದರ್ಜಿ ಇವರ ಮಾತು ಕೇಳಿ ತಂದ ಇಸ್ತ್ರಿ ಪೆಟ್ಟಿಗೆಯನ್ನು ಎತ್ತಲು ಗಂಡ ಹೆಂಡತಿ ಇಬ್ಬರೂ ಬೇಕಾಗುತ್ತಿತ್ತು. ಆದರೂ ದರ್ಜಿ ಇವರನ್ನು ಬೈಯಲಿಲ್ಲ. ಕೊಳ್ಳುವ ಮೊದಲೇ ಗ್ರಾಂ ಲೆಕ್ಕದಲ್ಲಿ ತೂಕ ಹೇಳಿದವರನ್ನು ಯಾವ ಬಾಯಲ್ಲಿ ಬೈಯುವುದು? 'ಗೊತ್ತಿಲ್ಲ' ಎಂಬ ಮಾತನ್ನು ಮಾವ ಆಡಿದ್ದನ್ನು ನಾನಂತೂ ಕೇಳಿರಲಿಲ್ಲ. ಪ್ರೆಸ್ಸು ಬಾಗಿಲು ಹಾಕಿದ ಮೇಲೆ ಅವರಿಗೆ ಉಳಿದದ್ದು ಈ ಒಂದು ಮರ್ಯಾದೆ ಮಾತ್ರ. ಬೆಳಿಗ್ಗೆ ಅಂಗಿಯ ಗುಂಡಿ ಹಾಕಿಕೊಂಡು ಜಗುಲಿಯಲ್ಲಿ ಕೂರುವುದಕ್ಕೆ ಅವರಿಗಿದ್ದ ಕಾರಣವೂ ಅದೊಂದೇ.

ಅಷ್ಟರಲ್ಲಿ ನನಗೆ ಒಂದು ನರ್ಸರಿಯಲ್ಲಿ ಗಿಡಗಳಿಗೆ ಕಸಿ ಕಟ್ಟುವ ಕೆಲಸ ಸಿಕ್ಕಿತು. ನನಗಾಗ ಹತ್ತೊಂಬತ್ತು. ಅಲ್ಲಿನ ಮೇಸ್ತ್ರಿ ಹೆಂಗಸು ಮಾತಿನಲ್ಲಿ ಬಹಳ ಜಿಪುಣಿ.

"ಸೋಮವಾರ ಬರುವಾಗ ನಿನ್ನ ಚಾಕು ನೀನೇ ತಗೊಂಡು ಬಾ. ಮಡಚೋ ಚಾಕು, ಒಂದೇ ಅಲಗು, ಒಂದೇ ಕಡೆ ಸಾಣೆ. ನಿನ್ನ ಕೈಗೆ ಕೂರಬೇಕು. ಅಷ್ಟೇ," ಅಂದಳು.

ನಾನು ಒಬ್ಬಳೇ ಹೋಗಿ ತರುತ್ತೇನೆ ಎಂದೆ. ಅಮ್ಮ ಒಪ್ಪಲಿಲ್ಲ.

"ಅಣ್ಣನ್ನ ಬಿಟ್ಟು ಹೋದ್ರೆ ಎರಡು ದಿನ ಊಟಕ್ಕೆ ಏಳಲ್ಲ ಅವನು. ಕರ್ಕೊಂಡು ಹೋಗು. ಕಿವಿ ಅವನಿಗೆ ಕೊಡು, ಕಣ್ಣು ಚಾಕು ಮೇಲಿರಲಿ."

ಮಾವನಿಗೆ ವಿಷಯ ತಿಳಿದದ್ದೇ ತಡ, ಮೂರು ದಿನ ನನ್ನ ತಲೆ ತಿಂದರು. ನಾನು ತಟ್ಟೆ ತೊಳೆಯುತ್ತಿದ್ದರೆ ಪಕ್ಕದಲ್ಲಿ ನಿಂತು ಉಕ್ಕಿನ ಗಡಸುತನದ ಪಾಠ, ತಲೆ ಬಾಚುತ್ತಿದ್ದರೆ ಹಿಡಿಯ ಮರದ ಪಾಠ. ಮೇಸ್ತ್ರಿ ಹೀಗೆ ಹೇಳಿದ್ದಾಳೆ ಎಂದರೆ ಪಾಪ ಎನ್ನುವಂತೆ ನಕ್ಕರು.

"ಒಂದೇ ಅಲಗಂತೆ. ಆಕೆ ಕ್ಯಾಟಲಾಗ್ ನೋಡಿಲ್ಲ ಕಣೇ. ಹನ್ನೊಂದು ಸಲಕರಣೆ ಇರೋದು ಬರುತ್ತೆ. ಅದಕ್ಕೆ ಇಡೀ ಒಂದು ಪುಟ ಕೊಟ್ಟಿದ್ರು. ಒಂದು ಅಲಗಿನದಕ್ಕೆ ಎರಡು ಸಾಲು. ಯಾವುದು ಮೇಲು ಅಂತ ನೀನೇ ಹೇಳು."

ಶನಿವಾರ ಸಂಜೆ ಬೀದಿಯ ತುದಿಯ ಹಾರ್ಡ್‌ವೇರ್ ಅಂಗಡಿಗೆ ಹೋದೆವು. ಮೊಳೆ, ಬೋಲ್ಟು ತೂಗಿಸಿಕೊಳ್ಳಲು ಆಗಲೇ ಐದಾರು ಜನ ನಿಂತಿದ್ದರು. ಎಲ್ಲರೂ ಮಾವನಿಗೆ ದಾರಿ ಬಿಟ್ಟರು. ಅಂಗಡಿಯವನು ಗಾಜಿನ ಕಪಾಟಿನಿಂದ ಒಂದು ತಟ್ಟೆ ಚಾಕು ತೆಗೆದು ಮುಂದಿಟ್ಟ. ಮಾವ ಕೈಯಲ್ಲಿ ಮುಟ್ಟದೆ, ತಟ್ಟೆಗೂ ಬಗ್ಗದೆ, ಪ್ರತಿಯೊಂದರ ಅಳತೆ ಹೇಳಿದರು. ಅಂಗಡಿಯವನು ಚಾಕುಗಳ ಖಾಲಿ ಡಬ್ಬಿಗಳ ಮೇಲಿನ ಚೀಟಿ ನೋಡಿ "ಸರಿ ಸಾರ್, ಸರಿ ಸಾರ್" ಎನ್ನುತ್ತ ಹೋದ. ಬೋಲ್ಟಿಗೆ ಬಂದವರು ಬೋಲ್ಟು ಮರೆತು ಇವರನ್ನೇ ನೋಡುತ್ತಿದ್ದರು. ನಿಜ ಹೇಳುತ್ತೇನೆ, ನನಗೂ ಹೆಮ್ಮೆಯಾಯಿತು.

ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಮಾವ ಹನ್ನೊಂದು ಸಲಕರಣೆಯ ಆ ದಪ್ಪ ಚಾಕುವನ್ನು ಎತ್ತಿಕೊಂಡು, ದೊಡ್ಡ ಅಲಗನ್ನು ಉಗುರಿನಿಂದ ಎಳೆದರು. ಅಲಗು ಪೂರ್ತಿ ಹೊರಬಂದು ಟಕ್ಕೆಂದು ನಿಂತಿತು.

"ನೋಡು, ಲಾಕ್ ಆಯ್ತು. ಇನ್ನು ಬೆರಳಿನ ಮೇಲೆ ಮಡಚಿಕೊಳ್ಳೋ ಭಯ ಇಲ್ಲ," ಎಂದು ಲಾಕಿನ ಮಹಿಮೆ ಹೇಳಿದರು. ಆಮೇಲೆ ಉಕ್ಕಿನದು. ಆಮೇಲೆ ಹಿಡಿಯದು. ಆಮೇಲೆ ಮತ್ತೆ ಉಕ್ಕಿನದು.

"ಮಾವ, ಮುಚ್ಚಿ ಕೊಡಿ. ನಾನೂ ನೋಡ್ತೀನಿ," ಎಂದೆ.

"ಮುಚ್ಚೋದಿರಲಿ, ಮೊದಲು ಹೊಳಪು ನೋಡು."

ಮೂರನೇ ಸಲ ಉಕ್ಕಿನ ವಿಷಯ ಬಂದಾಗ ನನ್ನ ಕಣ್ಣು ಅವರ ಕೈಯ ಮೇಲೆ ಬಿತ್ತು. ಮಾತು ಮೇಲೆ ನಡೆಯುತ್ತಿದ್ದರೆ ಕೆಳಗೆ ಹೆಬ್ಬೆರಳು ಅಲಗಿನ ಬೆನ್ನನ್ನು ಒತ್ತುತ್ತಿತ್ತು. ಅಲಗು ಜಗ್ಗಲಿಲ್ಲ. ಹಿಡಿಯನ್ನು ತಿರುಗಿಸಿ ಇನ್ನೊಂದು ಕಡೆ ಒತ್ತಿದರು, ಬಿರಡೆ ತೆಗೆಯುವ ಸುರುಳಿ ಹೊರಬಂತು. ಅದನ್ನು ಒಳಗೆ ತಳ್ಳಲು ಹೋದರೆ ಪುಟ್ಟ ಕತ್ತರಿಯೊಂದು ಬಾಯಿ ತೆರೆಯಿತು. ಹಣೆಯಲ್ಲಿ ಬೆವರು. ಮಾತು ನಿಲ್ಲಿಸಿದರೆ ಚಾಕು ಮುಚ್ಚಬೇಕಾಗುತ್ತದೆ, ಅದಕ್ಕೇ ಮಾತು ನಿಲ್ಲಿಸುತ್ತಿರಲಿಲ್ಲ. ಚಾಕುವಿನ ಚರಿತ್ರೆ ಮುಗಿದು ಕಬ್ಬಿಣದ ಗಣಿಗೆ ಬಂದಿದ್ದರು. ಮಾವನಿಗೆ ಚಾಕು ಮುಚ್ಚಲು ಬರುತ್ತಿರಲಿಲ್ಲ.

ಗುಂಪಿನಲ್ಲಿದ್ದ ಪ್ಲಂಬರನಿಗೂ ಅನುಮಾನ ಬಂದಿರಬೇಕು. ತುಟಿಯಂಚಿನಲ್ಲಿ ನಗು ಇಟ್ಟುಕೊಂಡೇ ಕೇಳಿದ.

"ಅದೆಲ್ಲ ಸರಿ ಸಾರ್. ಒಂದ್ಸಲ ಮುಚ್ಚಿ ತೋರಿಸಿ ನೋಡೋಣ."

ಮಾವ ಮತ್ತೊಮ್ಮೆ ಅಲಗಿನ ಬೆನ್ನನ್ನು ಒತ್ತಿದರು. ಜಗುಲಿಯ ಮೇಲಿನ ಅಷ್ಟು ವರ್ಷಗಳ ಮರ್ಯಾದೆ ಆ ಗಾಜಿನ ಕಪಾಟಿನ ಮುಂದೆ ಮಣ್ಣುಪಾಲಾಗುವುದರಲ್ಲಿತ್ತು. ನಾನು ಚಾಕುವನ್ನು ಅವರ ಕೈಯಿಂದ ತೆಗೆದುಕೊಂಡು ಅಂಗಡಿಯವನ ಮುಂದೆ ಹಿಡಿದೆ.

"ನನಗೆ ಮುಚ್ಚೋಕೆ ಬರಲ್ಲ. ಮಾವ ಎಷ್ಟು ಸಲ ಹೇಳಿಕೊಟ್ರೂ ತಲೆಗೆ ಹೋಗ್ತಿಲ್ಲ. ನೀವೊಂದ್ಸಲ ತೋರಿಸಿ."

ಅಂಗಡಿಯವನು ತೋರಿಸಿದ. ಹಿಡಿಯ ಒಳಗೆ ಅಲಗಿನ ಬುಡಕ್ಕೆ ಒಂದು ತೆಳು ಉಕ್ಕಿನ ಪಟ್ಟಿ ಇರುತ್ತದೆ. ಅದನ್ನು ಹೆಬ್ಬೆರಳಿನಿಂದ ಪಕ್ಕಕ್ಕೆ ಸರಿಸಿ ಅಲಗನ್ನು ಮಡಚಬೇಕು. ಅಷ್ಟೇ ವಿದ್ಯೆ. ನಾನು ಎರಡು ಸಲ ಮಾಡಿದೆ, ಬಂತು. ಮಾವನಿಗೆ ಹೋದ ಜೀವ ಬಂದಂತಾಯಿತು. ಬಂದ ಜೀವ ಸುಮ್ಮನಿರಬೇಕಲ್ಲ.

"ಈಗಿನ ಹುಡುಗೀರೇ ಹೀಗೆ," ಎಂದು ಪ್ಲಂಬರನ ಕಡೆ ತಿರುಗಿದರು. "ಮೂರು ದಿನದಿಂದ ಬಡ್ಕೋತಿದ್ದೀನಿ, ಪಟ್ಟಿ ಸರಿಸು, ಪಟ್ಟಿ ಸರಿಸು ಅಂತ. ಇವಳ ಗಮನ ಎಲ್ಲಿರುತ್ತೋ."

ನನಗೆ ಮೈ ಉರಿದುಹೋಯಿತು. ಹಲ್ಲು ಕಚ್ಚಿಕೊಂಡು ತಟ್ಟೆಯಲ್ಲಿದ್ದ ಒಂಟಿ ಅಲಗಿನ ಚಾಕುಗಳನ್ನು ಒಂದೊಂದಾಗಿ ಎತ್ತಿ ಹಿಡಿದು ನೋಡಿದೆ. ಮೊದಲನೆಯದು ಬೆರಳಿಗೆ ದೊಡ್ಡದು. ಎರಡನೆಯದರ ಹಿಡಿ ಜಾರುತ್ತಿತ್ತು. ಮೂರನೆಯದಕ್ಕೆ ಕಂದು ಮರದ ಹಿಡಿ, ಒಂದೇ ಕಡೆ ಸಾಣೆ, ಅದಕ್ಕೂ ಅದೇ ಲಾಕಿನ ಪಟ್ಟಿ. ಅಂಗೈಯಲ್ಲಿ ಇಟ್ಟ ಕೂಡಲೇ ಸುಮ್ಮನೆ ಕೂತುಕೊಂಡಿತು. ಯಾರನ್ನೂ ಕೇಳದೆ ಅದನ್ನೇ ಕೊಡಿ ಎಂದೆ. ಅದರ ಅಳತೆಯನ್ನು ಮಾವ ಇನ್ನೊಮ್ಮೆ ಹೇಳಲಿಲ್ಲ, ನಾನೂ ಕೇಳಲಿಲ್ಲ.

ವಾಪಸು ಬರುವಾಗ ನಾನು ದಾಪುಗಾಲು ಹಾಕಿ ಮುಂದೆ, ಅವರು ಹಿಂದೆ. ಬಸ್ ನಿಲ್ದಾಣದ ಬೆಂಚಿನ ಹತ್ತಿರ ಕರೆದರು.

"ಸ್ವಲ್ಪ ಕೂತ್ಕೋ ಬಾರೇ."

ಕೂತೆ. ಅವರ ಕಣ್ಣು ಎದುರಿನ ಗೋಡೆಯ ಜಾಹೀರಾತಿನ ಮೇಲಿತ್ತು.

"ಆ ಚಾಕುಗಳ ಪುಟ ಹನ್ನೆರಡು ವರ್ಷ ನಾನೇ ತಿದ್ದಿದ್ದು," ಅಂದರು. "ಮುಚ್ಚೋ ವಿಧಾನ ಮಾತ್ರ ಬೇರೆ ಚೀಟಿಲಿ ಅಚ್ಚಾಗ್ತಿತ್ತು. ಡಬ್ಬಿಯೊಳಗೆ ಹಾಕೋಕೆ. ಆ ಚೀಟಿ ನಮ್ಮ ಪ್ರೆಸ್ಸಿಗೆ ಬರ್ತಿರಲಿಲ್ಲ."

ನನಗೆ ನಗು ಬಂತು, ಕೋಪ ಇನ್ನೂ ಇತ್ತು. ಎರಡೂ ಸೇರಿ ಕೆಮ್ಮಿನಂಥದ್ದೇನೋ ಆಯಿತು. ಮಾವ ನನ್ನ ಮುಖ ನೋಡದೆ ಅಂಗೈ ಚಾಚಿದರು.

"ಇನ್ನೊಂದ್ಸಲ ತೋರಿಸು. ನಿಧಾನವಾಗಿ."

ತೋರಿಸಿದೆ. ಮೊದಲ ಸಲ ಪಟ್ಟಿ ಸಿಗಲಿಲ್ಲ. ಎರಡನೇ ಸಲ ಉಗುರು ಜಾರಿತು. ಆರನೇ ಸಲಕ್ಕೆ ಅಲಗು ಸದ್ದಿಲ್ಲದೆ ಹಿಡಿಯೊಳಗೆ ಹೋಯಿತು. ಆಮೇಲೆ ಬಿಡಲೇ ಇಲ್ಲ ಮಹಾರಾಯರು. ಎರಡು ಬಸ್ಸು ಹೋದವು, ತೆಗೆಯುವುದು, ಮುಚ್ಚುವುದು. ಪಕ್ಕದಲ್ಲಿ ಬಂದು ಕೂತ ಹೆಂಗಸೊಬ್ಬಳು ಎದ್ದು ದೂರ ಹೋದಳು. ಐವತ್ತೊಂಬತ್ತನೇ ವಯಸ್ಸಿನಲ್ಲಿ ಅವರು ಮೊದಲ ಸಲ ಒಂದು ಸಾಮಾನನ್ನು ಬಳಸಿ ನೋಡುತ್ತಿದ್ದರು.

ಹದಿನೈದು ದಿನದ ಮೇಲೆ ನಾನು ಕೆಲಸ ಮುಗಿಸಿ ಬಂದು ಒಳಗೆ ಕಾಲು ತೊಳೆಯುತ್ತಿದ್ದೆ. ಜಗುಲಿಯಲ್ಲಿ ಆ ಪ್ಲಂಬರನ ದನಿ ಕೇಳಿಸಿತು. ಅವನೂ ಒಂದು ಲಾಕಿನ ಚಾಕು ಕೊಂಡಿದ್ದನಂತೆ, ಎರಡು ಕಡೆ ಕೈ ಕುಯ್ದುಕೊಂಡು ಬಂದಿದ್ದ. ಮಾವ ಪಾಠ ಶುರು ಮಾಡಿದರು. ನಾನು ನಲ್ಲಿ ನಿಲ್ಲಿಸಿ ಕಿವಿಗೊಟ್ಟೆ. ಉಕ್ಕಿನ ಸುದ್ದಿ ಇಲ್ಲ, ಗಣಿಯ ಸುದ್ದಿ ಇಲ್ಲ.

"ಬೆರಳು ಇಲ್ಲಿಡು. ಒತ್ತಬೇಡ, ಸರಿಸು. ಹಾಂ, ಈಗ ಮಡಚು."

"ಬಂತು ಸಾರ್," ಎಂದ ಪ್ಲಂಬರ. "ಇದು ಯಾವ ಕ್ಯಾಟಲಾಗಲ್ಲಿತ್ತು?"

ನಾನು ಒದ್ದೆ ಕಾಲಲ್ಲೇ ಬಾಗಿಲ ಹಿಂದೆ ನಿಂತೆ.

"ಯಾವುದರಲ್ಲೂ ಇಲ್ಲಪ್ಪ. ಅವತ್ತು ಅಂಗಡೀಲಿ ನನಗೂ ಗೊತ್ತಿರಲಿಲ್ಲ. ಆಮೇಲೆ ಒಬ್ಬರನ್ನ ಕೇಳಿ ಕಲಿತೆ."

"ಯಾರು ಸಾರ್ ಅವರು? ಪರಿಚಯ ಮಾಡಿಸಿ."

"ಕಸಿ ಕಟ್ಟೋ ಕೆಲಸದವರು. ಒಳಗಿದ್ದಾರೆ. ಈಗ ತಾನೇ ಬಂದಿದ್ದಾರೆ, ಸುಸ್ತಾಗಿರುತ್ತೆ ಪಾಪ. ಸ್ವಲ್ಪ ಹೊತ್ತು ಕೂತಿರು, ಕರೀತೀನಿ."