ಮಲ್ಲವ್ವನ ಚಮಚ ಮತ್ತು ದಿನದ ಮೊದಲ ಹುರಿ

ಬೆಳಗಿನ ಆರೂವರೆ. ಅಂಧೇರಿಯ ಹಳೆಯ ಬಿಲ್ಡಿಂಗೊಂದರ ಮೂರನೇ ಮಹಡಿಯಿಂದ ‘ಸುರ್ರ್’ ಎಂಬ ಸದ್ದು ಬರುತ್ತಿದೆ. ಐವತ್ತೆರಡರ ಮಲ್ಲವ್ವ ಚಮಚದಲ್ಲಿ ಕಾಫಿ ಎತ್ತಿ, ಜೋರಾಗಿ ಹೀರಿ, ಕಣ್ಣು ಮುಚ್ಚಿ ಒಂದು ಕ್ಷಣ ನಿಂತು, ಪಕ್ಕದ ಡಬ್ಬಿಗೆ ಉಗುಳುತ್ತಾರೆ. “ಸಣ್ಣಾಕಿ ಇದ್ದಾಗ ಹಿಂಗ ಸಪ್ಪಳ ಮಾಡಿ ಚಾ ಕುಡದ್ರ ನಮ್ಮವ್ವ ತಲೀಗೆ ಮೊಟಕತಿದ್ಲು. ಈಗ ಅದಕ್ಕ ಪಗಾರ ಕೊಡ್ತಾರ ನೋಡ್ರಿ,” ಎಂದು ಬಾಯಿ ತುಂಬ ನಗುತ್ತಾರೆ.

ಮುಂಬೈಯ ಗಲ್ಲಿಗಳಲ್ಲಿ ಐದೋ ಹತ್ತೋ ಕಿಲೋ ಕಾಫಿ ಬೀಜ ಹುರಿದು ಮಾರುವ ಸಣ್ಣವರು ಬಹಳ ಮಂದಿ. ಅವರ ಕಾಫಿ ಚೆನ್ನಾಗಿದೆಯೇ, ಪ್ರತಿ ಪಾಕೀಟೂ ಒಂದೇ ರುಚಿಯೇ ಎಂದು ಪರೀಕ್ಷಿಸುವ ಜಾಗ ಇದು. ವರದಿಗೆ ಸಹಿ ಹಾಕುವುದು ಮಾಲೀಕಳಾದ ರೂಪಾಲಿ. ತೀರ್ಪು ಮಾತ್ರ ಮಲ್ಲವ್ವನದು.

ವಿಜಯಪುರದಿಂದ ಮದುವೆಯಾಗಿ ಸಯನ್‌ಗೆ ಬಂದ ಮಲ್ಲವ್ವ, ಹತ್ತೊಂಬತ್ತು ವರ್ಷದ ಹಿಂದೆ ಇಲ್ಲಿಗೆ ಬಟ್ಟಲು ತೊಳೆಯಲು ಸೇರಿದವರು. ಒಂದು ದಿನ ಎಂಜಲು ಬಟ್ಟಲನ್ನು ಮೂಸಿ, “ಇದನ್ನ ಊದಿನಕಡ್ಡಿ ಜೋಡಿ ಇಟ್ಟಿದ್ರೇನು?” ಎಂದುಬಿಟ್ಟರು. ವಿಚಾರಿಸಿದರೆ ಆ ಕಾಫಿ ಬೀಜದ ಚೀಲ ಇದ್ದದ್ದು ಊದಿನಕಡ್ಡಿ ಅಂಗಡಿಯ ಅಟ್ಟದಲ್ಲೇ! ಮರುದಿನವೇ ಕೈಗೆ ಚಮಚ ಬಂತು. ಈಗ ವಾರಕ್ಕೆ ಆರು ದಿನ, ದಿನಕ್ಕೆ ನಲವತ್ತು ಬಟ್ಟಲು. ಕೆಲಸ ಮುಗಿಯುವವರೆಗೆ ಉಳ್ಳಾಗಡ್ಡಿ, ಬೆಳ್ಳುಳ್ಳಿ, ಖಾರ ಯಾವುದೂ ಬಾಯಿಗೆ ಹಾಕುವಂತಿಲ್ಲ, ನಾಲಿಗೆ ಕೆಡುತ್ತದೆ. ನಸುಕಿನಲ್ಲಿ ಗಂಡ ಮುರಿಗೆಪ್ಪನಿಗೆ ಖಾರದ ಚಟ್ನಿ ಅರೆದಿಟ್ಟು, ತಾವು ಹಾಲಲ್ಲಿ ರೊಟ್ಟಿ ಅದ್ದಿ ತಿಂದು ಲೋಕಲ್ ಹಿಡಿಯುತ್ತಾರೆ. “ಬಿಜಾಪುರದಾಕಿಗೆ ಇದಕ್ಕಿಂತ ದೊಡ್ಡ ವ್ರತ ಯಾವುದೈತ್ರಿ?”

ಇಂದು ಬಾಗಿಲ ಬಳಿ ಘಾಟ್ಕೋಪರ್‌ನಲ್ಲಿ ಕಾಫಿ ಹುರಿಯುವ, ಮಲ್ಲವ್ವನ ಊರ ಕಡೆಯವನೇ ಆದ ಸಿಕಂದರ ನಿಂತಿದ್ದಾನೆ. ಅವನು ತಂದ ಐದು ಪಾಕೀಟೂ ಒಂದೇ ರುಚಿ ಎಂದು ಇಲ್ಲಿಂದ ವರದಿ ಸಿಕ್ಕರೆ, ಒಂದು ದೊಡ್ಡ ಆಫೀಸಿನ ಕ್ಯಾಂಟೀನು ವರ್ಷವಿಡೀ ಅವನ ಕಾಫಿ ಕೊಳ್ಳುತ್ತದೆ. ಎರಡು ಸಲ ಮಲ್ಲವ್ವ ಬೇಡ ಎಂದಾಗಿದೆ. ಕ್ಯಾಂಟೀನಿನವರು ಇನ್ನು ಕಾಯುವುದಿಲ್ಲ.

ಹೋದ ಸಲ ಸಿಟ್ಟಿನಿಂದಲೇ ಬಂದಿದ್ದ. “ಅಕ್ಕಾ, ಅದ ಬೀಜ, ಅದ ಮಷೀನು, ಅದ ಕೈ. ಒಂದ ಪಾಕೀಟ ಹ್ಯಾಂಗ ಬ್ಯಾರೆ ಆಗತೈತ್ರಿ?”

“ಮ್ಯಾಲೆ ಕೆಂಪಗೈತಿ, ಒಳಗ ಹಸೀ. ಅದು ದಿನದ ಮೊದಲನೇ ಹುರಿ ಹೌದಲ್ಲೋ?” ಎಂದಿದ್ದರು ಮಲ್ಲವ್ವ. “ಹಂಚು ಕಾಯೂಕಿಂತ ಮೊದಲ ರೊಟ್ಟಿ ಹಾಕಿದ್ರ ಏನಾಗತೈತಿ, ನಿಮ್ಮ ಅಮ್ಮೀನ್ನ ಕೇಳು.” ಸಿಕಂದರ ಪೆಚ್ಚಾಗಿದ್ದ. ಮಷೀನಿನ ಮೀಟರಿನ ಮುಳ್ಳು ಬಿಸಿ ತೋರಿಸಿದ ಕೂಡಲೇ ಬೀಜ ಸುರಿಯುವುದು ಅವನ ರೂಢಿ. ಮಷೀನಿನ ಮೈ ಕಾದಿರುತ್ತಲೇ ಇರಲಿಲ್ಲ.

ಇಂದು ಐದು ಬಟ್ಟಲು ಸಾಲಾಗಿವೆ, ಪಾಕೀಟಿನ ನಂಬರು ಅಡಿಯಲ್ಲಿ ಅಂಟಿದೆ. ಮಲ್ಲವ್ವ ಒಂದು ಸುತ್ತು ಹೀರುತ್ತಾರೆ. ಆರಿದ ಮೇಲೆ ದೋಷ ಹೊರಬೀಳುತ್ತದೆಂದು ಕಾದು ಇನ್ನೊಂದು ಸುತ್ತು, ಮತ್ತೂ ಒಂದು. ಸಿಕಂದರ ನೆಲ ನೋಡುತ್ತಿದ್ದಾನೆ.

“ಮೊದಲನೇ ಹುರಿ ಹಾಕಿಲ್ಲೇನಪಾ ಇದರಾಗ?” ಮಲ್ಲವ್ವನ ದನಿಯಲ್ಲಿ ಅನುಮಾನ.

“ಐತ್ರಿ ಅಕ್ಕಾ. ಮುಕ್ಕಾಲು ತಾಸು ಖಾಲಿ ಮಷೀನ ಕಾಸೇನಿ.”

ಮಲ್ಲವ್ವ ಚಮಚ ಕೆಳಗಿಟ್ಟು ರೂಪಾಲಿಯತ್ತ ತಿರುಗುತ್ತಾರೆ. “ಬರಕೊಳ್ರಿ ಮೇಡಂ. ಐದೂ ಒಂದ ಅದಾವು.”

ಸಿಕಂದರ ಕಣ್ಣು ಒರೆಸಿಕೊಳ್ಳುತ್ತಾನೆ. ಗೆದ್ದವನಿಗಿಂತ ಹೆಚ್ಚು ಹಿಗ್ಗಿದವರು ಮಲ್ಲವ್ವ. “ತಪ್ಪು ಹಿಡದಾಗೆಲ್ಲ ಮಂದಿ ನನ್ನ ಹೊಗಳ್ಯಾರ. ಇವತ್ತ ಹುಡುಕಿ ಹುಡುಕಿ ಸೋತೆ. ಇಷ್ಟ ಖುಷಿ ಯಾವತ್ತೂ ಆಗಿದ್ದಿಲ್ಲ.”

ಚೀಲದಿಂದ ತಮ್ಮ ಊಟದ ಡಬ್ಬಿ ತೆಗೆದು ಅವನ ಕೈಗಿಡುತ್ತಾರೆ. ಒಳಗೆ ರೊಟ್ಟಿ, ಹಸಿಮೆಣಸಿನಕಾಯಿ ಚಟ್ನಿ. “ಹೊರಗ ಮೆಟ್ಟಲ ಮ್ಯಾಲೆ ಕುಂತು ತಿನ್ನು, ಇಲ್ಲಿ ತಗೀಬ್ಯಾಡ. ನನಗ ಅರ್ಧ ಇಡು. ಇನ್ನ ಮೂವತ್ತೈದು ಬಟ್ಟಲ ಅದಾವು.”