ಗಡಗಡ ಅನ್ನುವ ಲೆನ್ಸು

ನನ್ನ ಬಲಭುಜ ಎಡಭುಜಕ್ಕಿಂತ ತಗ್ಗಿದೆ ಎಂದು ಮೊದಲು ಹೇಳಿದವನು ಷರಟಿಗೆ ಅಳತೆ ತೆಗೆಯುತ್ತಿದ್ದ ದರ್ಜಿ. ತುರುವೇಕೆರೆಯಲ್ಲಿ ಸ್ಟುಡಿಯೋ ಇಟ್ಟುಕೊಂಡು ಮದುವೆ ಫೋಟೋ ತೆಗೆಯುತ್ತಲೇ ತಲೆ ನರೆಸಿಕೊಂಡವನು ನಾನು. ಇಷ್ಟು ವರ್ಷ ಆ ಭುಜಕ್ಕೆ ಜೋತುಬಿದ್ದಿದ್ದ ಕ್ಯಾಮೆರಾ ತನ್ನ ಗುರುತು ಬಿಟ್ಟಿತ್ತು. ಡಾಕ್ಟರು ಕೈಯನ್ನು ಹಿಂದಕ್ಕೂ ಮುಂದಕ್ಕೂ ತಿರುಗಿಸಿ ನೋಡಿ, "ಭಾರ ಹೊರೋದು ಬಿಡಿ, ಇಲ್ಲಾಂದ್ರೆ ಕೈ ಎತ್ತೋದನ್ನೇ ಬಿಡಬೇಕಾಗುತ್ತೆ" ಎಂದರು. ಕೈ ಎತ್ತಲಾಗದ ಫೋಟೋಗ್ರಾಫರನನ್ನು ಯಾರು ಮದುವೆಗೆ ಕರೆಯುತ್ತಾರೆ?

ಮನೆಗೆ ಬಂದು ಹೇಳಿದರೆ ಹೆಂಡತಿ ಕರಗಲಿಲ್ಲ. "ಆ ಲೆನ್ಸು ಹೊತ್ತಂಗೆ ಮಕ್ಕಳನ್ನ ಹೊತ್ತಿದ್ರೆ ಅವು ನಡೆಯೋದನ್ನೇ ಕಲೀತಿರ್ಲಿಲ್ಲ ಬುಡಿ" ಎಂದಳು. ಅನ್ನುತ್ತಲೇ ಎಣ್ಣೆ ಬಿಸಿ ಮಾಡಿ ತಂದು ಭುಜಕ್ಕೆ ತಿಕ್ಕಿದಳು.

ಒಳಗಿನ ಕನ್ನಡಿ ಕಿತ್ತುಹಾಕಿದ ಹೊಸ ಕ್ಯಾಮೆರಾ, ಎಲ್ಲರೂ ಮಿರರ್‌ಲೆಸ್ ಅನ್ನುತ್ತಾರಲ್ಲ, ಅದನ್ನು ತಂದಾಗ ಇನ್ನು ಭಾರದ ಕಾಟ ತಪ್ಪಿತು ಎಂದು ಹಿಗ್ಗಿದ್ದೆ. ಕ್ಯಾಮೆರಾ ಸಣ್ಣದಾಯಿತು, ಲೆನ್ಸು ಆಗಲಿಲ್ಲ. ಮಬ್ಬುಗತ್ತಲ ಛತ್ರದಲ್ಲೂ ಮುಖ ಬೆಳಗಬೇಕಾದರೆ ಲೆನ್ಸಿನ ಬಾಯಿ ಅಗಲವಿರಬೇಕು. ಚಿತ್ರದ ನಡುವಿನಷ್ಟೇ ಮೂಲೆಗಳೂ ಸ್ಪಷ್ಟವಾಗಿ ಬರಬೇಕಾದರೆ ಒಳಗೆ ಗಾಜಿನ ಹಿಂದೆ ಗಾಜು ಜೋಡಿಸಬೇಕು. ಗಾಜು ಅಂದಮೇಲೆ ತೂಕ. ಇದರಲ್ಲಿ ಯಾರ ಚೌಕಾಸಿಯೂ ನಡೆಯುವುದಿಲ್ಲ.

ಕೊನೆಗೆ ಮುಷ್ಟಿಯಲ್ಲಿ ಹಿಡಿಸುವ ಪುಟ್ಟ ಲೆನ್ಸೊಂದನ್ನು ತಂದೆ. ನಡುವೆ ಚಿನ್ನದಂಥ ಚಿತ್ರ. ಅಂಚಿಗೆ ಹೋದಂತೆ ಸ್ವಲ್ಪ ಮಂಜು, ಸ್ವಲ್ಪ ಕತ್ತಲು. ನೆಟ್ಟಗೆ ನಿಂತ ಕಂಬ ಸೊಂಟ ಬಾಗಿಸುತ್ತದೆ. ಕ್ಯಾಮೆರಾ ಮಾತ್ರ ಸದ್ದಿಲ್ಲದೆ ಆ ಕಂಬವನ್ನು ತಿದ್ದಿ ನೆಟ್ಟಗೆ ಮಾಡಿಯೇ ತೋರಿಸುತ್ತದೆ, ನೆಂಟರೆದುರು ಗಂಡನ ಮಾನ ಕಾಯುವ ಹೆಂಡತಿಯ ಹಾಗೆ. ಇಷ್ಟನ್ನು ನಾನು ಸಹಿಸಿಕೊಳ್ಳಬಲ್ಲೆ. ನಮ್ಮ ಸೀಮೆಯ ಜನ ಸಹಿಸುತ್ತಾರೆಯೇ ಎನ್ನುವುದೇ ನನ್ನ ಚಿಂತೆಯಾಗಿತ್ತು.

ಯಾಕೆಂದರೆ ಇಲ್ಲಿ ಫೋಟೋಗ್ರಾಫರನ ಯೋಗ್ಯತೆಯನ್ನು ಲೆನ್ಸಿನ ಉದ್ದದಲ್ಲಿ ಅಳೆಯುತ್ತಾರೆ. ಮೊಳದುದ್ದ ಇದ್ದವನು ಭಾರೀ ಫೋಟೋಗ್ರಾಫರ್. ಗೇಣುದ್ದದವನು ಪರವಾಗಿಲ್ಲ. ಅದಕ್ಕೂ ಗಿಡ್ಡ ಇದ್ದವನು ಮದುವೆ ಹೆಣ್ಣಿನ ಅಣ್ಣನ ಸ್ನೇಹಿತ, ಅಷ್ಟೆ. ಸಂಪಿಗೆ ಊರಿನ ಒಂದು ನಾಮಕರಣದಲ್ಲಿ ಪುಟ್ಟ ಲೆನ್ಸು ಹಾಕಿಕೊಂಡು ಅರ್ಧ ಕೆಲಸ ಮುಗಿಸಿದ್ದೆ. ಮಗುವಿನ ಅಜ್ಜ ಬಂದು, "ಫೋಟೋದವ್ರು ಯಾವಾಗ ಬತ್ತಾರಂತೆ?" ಎಂದು ನನ್ನನ್ನೇ ಕೇಳಿದರು.

ಹೀಗಿರುವಾಗ ಶೆಟ್ಟಿಕೆರೆ ಕಡೆಯ ಒಬ್ಬ ತೆಂಗಿನ ತೋಟದ ಯಜಮಾನರ ಮಗಳ ಮದುವೆ ಒಪ್ಪಿಕೊಂಡೆ. ಚಪ್ಪರದ ದಿನ ಬೆಳಿಗ್ಗೆ ಅವರ ಮನೆಗೆ ಹೋದೆ. ಕ್ಯಾಮೆರಾಗೆ ಪುಟ್ಟ ಲೆನ್ಸು ಹಾಕಿದ್ದೆ. ಇರಲಿ ಎಂದು ಹಳೆಯ ದಪ್ಪ ಲೆನ್ಸನ್ನೂ ಚೀಲದಲ್ಲಿಟ್ಟು, ಹೆಂಡತಿಗೆ ಕಾಣದ ಹಾಗೆ ತಂದಿದ್ದೆ.

ಯಜಮಾನರ ಭಾಮೈದನ ಕಣ್ಣಿಗೆ ನಾನು ಮೊದಲು ಬಿದ್ದೆ. ಧಾರಾಳ ಮೈಯ ಆಸಾಮಿ. ಎಲ್ಲ ಮದುವೆ ಮನೆಯಲ್ಲೂ ಅಂಥವರೊಬ್ಬರು ಇರುತ್ತಾರೆ, ಇಲ್ಲದಿದ್ದರೆ ಚಪ್ಪರ ಏಳುವುದಿಲ್ಲ. ಕ್ಯಾಮೆರಾವನ್ನು ಬಗ್ಗಿ ನೋಡಿ, "ಏನಣ್ಣಾ, ಲೆನ್ಸು ಇನ್ನೂ ಎಳೇ ಈಚಾಗೇ ಐತಾ? ಕಾಯಾಗೋದು ಯಾವಾಗ?" ಎಂದರು. ಸುತ್ತಲಿನವರು ನಕ್ಕರು. ನಾನೂ ನಕ್ಕೆ. ಅವರು ನಗುತ್ತಲೇ ಒಳಗೆ ಹೋಗಿ, "ಭಾವ, ಈವಯ್ಯ ಆಟದ ಸಾಮಾನು ತಂದವ್ನೆ. ಇನ್ನೂ ಟೈಮೈತೆ, ಹುಳಿಯಾರಿಂದ ಬೇರೆಯವ್ರನ್ನ ಕರೆಸಾನ" ಎಂದದ್ದು ಕೇಳಿಸಿತು. ನನ್ನ ನಗು ನಿಂತಿತು. ಈ ಮನೆ ತಪ್ಪಿದರೆ ಸುತ್ತಲಿನ ಊರುಗಳೂ ತಪ್ಪುತ್ತವೆ. ಮದುವೆ ಮನೆಯ ಮಾತು ಬಸ್ಸಿಗಿಂತ ಮುಂಚೆ ಊರು ಸೇರುತ್ತದೆ. ಆ ಗಳಿಗೆ ನನಗೆ ನಿಜಕ್ಕೂ ಭಯವಾಯಿತು.

ಯಜಮಾನರು ಅಟ್ಟದ ಕೆಳಗೆ ಕೂತು ಮಗಳ ಮಡಿಲಕ್ಕಿಗೆ ಕೊಬ್ಬರಿ ಆರಿಸುತ್ತಿದ್ದರು. ವರ್ಷವಿಡೀ ಅಟ್ಟದಲ್ಲಿದ್ದ ಕಾಯಿಯೊಳಗೆ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗುತ್ತದೆ. ಕಿವಿಯ ಹತ್ತಿರ ಹಿಡಿದು ಕುಲುಕಿದರೆ ಗಡಗಡ ಅನ್ನುತ್ತದೆ. ಆ ಸದ್ದು ಬಂದ ಕಾಯಿಯ ಗಾತ್ರವನ್ನು ನಮ್ಮವರು ಯಾರೂ ಕೇಳುವುದಿಲ್ಲ. ಯಜಮಾನರು ಒಂದೊಂದನ್ನೇ ಕುಲುಕಿ, ಗಡಗಡ ಅಂದದ್ದನ್ನು ಬಲಕ್ಕೆ, ಸುಮ್ಮನಿದ್ದದ್ದನ್ನು ಎಡಕ್ಕೆ ಇಡುತ್ತಿದ್ದರು. ಭಾಮೈದನ ದೂರು ಕೇಳಿ ನನ್ನ ಕಡೆ ಕೈ ಚಾಚಿ, "ತತ್ತಾ ಇಲ್ಲಿ" ಎಂದರು.

ಲೆನ್ಸು ಬಿಚ್ಚಿ ಕೊಟ್ಟೆ. ಅವರು ಅದರ ಗಾಜನ್ನು ನೋಡಲಿಲ್ಲ. ನೇರ ಕಿವಿಗಿಟ್ಟು ಕುಲುಕಿದರು. ಒಳಗಿನಿಂದ ಸಣ್ಣಗೆ ಗಡಗಡ ಎಂದಿತು. ಅವರ ಮುಖ ಅರಳಿತು. "ಇನ್ನೊಂದೈತಾ?" ಎಂದರು. ದಪ್ಪ ಲೆನ್ಸನ್ನೂ ತೆಗೆದು ಕೊಟ್ಟೆ. ಎರಡು ಕೈಯಲ್ಲಿ ಎತ್ತಿ ಕುಲುಕಿದರು. ಅದು ತುಟಿ ಬಿಚ್ಚಲಿಲ್ಲ.

"ಇದಿನ್ನೂ ಹಸಿ ಕಣ್ಲಾ" ಎಂದು ಭಾಮೈದನಿಗೆ ತೀರ್ಪು ಕೊಟ್ಟರು. "ಚಿಕ್ಕದು ಚೆನ್ನಾಗಿ ಒಣಗೈತೆ. ಅದ್ರಲ್ಲೇ ತೆಗೀಲಿ ಬುಡು."

ಸುಳ್ಳು ಮೆಚ್ಚುಗೆ ಬೇಡವೆಂದು ಬಾಯಿ ತೆರೆದೆ. "ಅಲ್ಲ ಯಜಮಾನ್ರೇ, ಕೈ ನಡುಗಿದ್ರೂ ಚಿತ್ರ ಅಲುಗಬಾರ್ದು ಅಂತ ಅದ್ರೊಳಗೆ ಒಂದು ಗಾಜನ್ನ ಬಿಗಿಯದೆ ಸಡಿಲ ಬಿಟ್ಟಿರ್ತಾರೆ. ಆಫ್ ಇದ್ದಾಗ ಅದು ಅಲ್ಲಾಡಿ..."

"ನಾನು ಹೇಳಿದ್ದೂ ಅದನ್ನೇ ಅಲ್ವೇನಪ್ಪಾ? ಚಿಪ್ಪು ಬುಟ್ಟೈತೆ ಅಂತ."

ಪುಟ್ಟ ಲೆನ್ಸನ್ನು ಮತ್ತೆ ಕ್ಯಾಮೆರಾಗೆ ಹಾಕಿಕೊಂಡೆ. ಹುಳಿಯಾರಿನ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ.

ಮಧ್ಯಾಹ್ನ ಮನೆಯವರೆಲ್ಲರ ಒಂದು ಫೋಟೋ ಬೇಕೆಂದರು. ಅಂಗಳ ಕಿರಿದು. ಹಿಂದೆ ಸರಿಯೋಣವೆಂದರೆ ಬೆನ್ನಿಗೆ ಕಾಯಿ ರಾಶಿ. ಎಲ್ಲರನ್ನೂ ಹಿಡಿಸಲು ಲೆನ್ಸಿನ ನೋಟವನ್ನು ಆದಷ್ಟೂ ಅಗಲ ಮಾಡಲೇಬೇಕು. ಹಾಗೆ ಮಾಡಿದಾಗಲೇ ಈ ಪುಟ್ಟ ಲೆನ್ಸಿನ ಬಂಡವಾಳ ಬಯಲಾಗುವುದು. ಭಾಮೈದ ಆಗಲೇ ಹೆಗಲಿಗೆ ಟವೆಲ್ ಹಾಕಿಕೊಂಡು ನಟ್ಟನಡುವೆ, ಮದುವೆ ಹೆಣ್ಣಿನ ಪಕ್ಕದಲ್ಲಿ ನಿಂತಿದ್ದರು. ಎಡತುದಿಯಲ್ಲಿ, ಚಪ್ಪರದ ಕಂಬಕ್ಕೆ ಅರ್ಧ ಮರೆಯಾಗಿ, ಯಜಮಾನರ ಅಕ್ಕ. ಗಂಡ ಹೋದ ಮೇಲೆ ತವರಿಗೆ ಬಂದು, ಈ ಹುಡುಗಿಯನ್ನು ಎತ್ತಿ ಆಡಿಸಿದವರು. ಬೆಳಗಿನಿಂದ ನನಗೆ ಎರಡು ಸಲ ಕಾಫಿ ತಂದುಕೊಟ್ಟವರೂ ಅವರೇ. ಕ್ಯಾಮೆರಾದಲ್ಲಿ ಕಣ್ಣಿಟ್ಟು ನೋಡಿದರೆ ಅವರ ಮುಖ ಆ ಮೂಲೆಯಲ್ಲಿ ಕಲಸಿಹೋಗುತ್ತಿತ್ತು.

ದಪ್ಪ ಲೆನ್ಸು ಹಾಕಿದ್ದಿದ್ದರೆ ಕ್ಲಿಕ್ ಮಾಡಿಬಿಡುತ್ತಿದ್ದೆ. ಅವರು ಮೂಲೆಯಲ್ಲೇ, ಸ್ಪಷ್ಟವಾಗಿ, ಕಂಬದ ಮರೆಯಲ್ಲಿ ಉಳಿದುಬಿಡುತ್ತಿದ್ದರು. ಎಷ್ಟೋ ಮದುವೆಗಳಲ್ಲಿ ಹಾಗೇ ಆಗಿದೆ.

"ಅಮ್ಮಾ, ಅಲ್ಲಿ ನಿಂತ್ರೆ ಮುಖ ಬರಲ್ಲ. ಮಧ್ಯಕ್ಕೆ ಬನ್ನಿ" ಎಂದೆ.

"ನನ್ನ ಮುಖ ಯಾರಿಗೆ ಬೇಕಪ್ಪಾ, ನೀ ತೆಗಿ. ನಾನು ಇಲ್ಲೇ ಸರಿ."

"ನಾನಲ್ಲ ಕಣಮ್ಮ, ಲೆನ್ಸು ಒಪ್ತಿಲ್ಲ."

ಸಾಲಿನಲ್ಲಿ ಗುಸುಗುಸು ಶುರುವಾಯಿತು. ಶುಭಕಾರ್ಯ, ಯಾರು ಎಲ್ಲಿ ನಿಲ್ಲಬೇಕು ಎಂದು ಯಾರೋ ಶುರು ಮಾಡುವಷ್ಟರಲ್ಲಿ ಯಜಮಾನರು ಗದರಿದರು. "ಒಣಗಿರೋ ಲೆನ್ಸು ಕಣಕ್ಕ, ಅದು ಹೇಳ್ದಂಗೆ ಕೇಳು. ಬಾ ಇಲ್ಲಿ." ಮನುಷ್ಯರ ಜೊತೆ ವಾದ ಮಾಡಬಹುದಿತ್ತೇನೋ, ಗಾಜಿನ ಜೊತೆ ಯಾರು ಮಾಡುತ್ತಾರೆ? ಆಕೆ ಸೆರಗು ಸರಿಮಾಡಿಕೊಂಡು ಬಂದು ಹುಡುಗಿಯ ಪಕ್ಕ ನಿಂತರು. ಜಾಗ ಬೇಕಿತ್ತಲ್ಲ, ಭಾಮೈದನನ್ನು, "ತುದೀಲಿ ನಿಮ್ಮಂಥ ಗಟ್ಟಿ ಆಳು ನಿಂತ್ರೇನೇ ಫೋಟೋಗೆ ಒಂದು ತೂಕ" ಎಂದು ಅಂಚಿಗೆ ಕಳಿಸಿದೆ. ಅವರು ಖುಷಿಯಾಗಿ ಹೋದರು.

ನೋಟ ಅಗಲ ಮಾಡಿದ ಲೆನ್ಸು ಅಂಚಿನಲ್ಲಿರುವವರನ್ನು ಹಿಗ್ಗಿಸುತ್ತದೆ. ಆಲ್ಬಮ್ಮಿನಲ್ಲಿ ಭಾಮೈದ ಇಬ್ಬರಷ್ಟು ಅಗಲ ಬಂದಿದ್ದರು. ಅವರು ನನ್ನನ್ನು ಬೈಯಲಿಲ್ಲ. ಚಿತ್ರವನ್ನು ಬಹಳ ಹೊತ್ತು ನೋಡಿ, "ಒಬ್ಬಟ್ಟು ಕಮ್ಮಿ ಮಾಡ್ಬೇಕು ಕಣ್ರೀ" ಎಂದರಷ್ಟೆ. ನಡುವೆ ಆ ಅಕ್ಕ ಹುಡುಗಿಯ ಮಣಿಕಟ್ಟು ಹಿಡಿದುಕೊಂಡು ನಕ್ಕಿದ್ದರು. ನಾನು ತೆಗೆದ ಅದಕ್ಕಿಂತ ಸ್ಪಷ್ಟವಾದ ಚಿತ್ರಗಳು ಸ್ಟುಡಿಯೋದಲ್ಲಿ ಬೇಕಾದಷ್ಟಿವೆ. ಆದರೆ ಇದನ್ನು ನೋಡಿದಷ್ಟು ಸಂತೋಷ ನನಗೆ ಅವು ಯಾವುದನ್ನು ನೋಡಿದಾಗಲೂ ಆಗಿರಲಿಲ್ಲ.

ಆಲ್ಬಮ್ ಕೊಟ್ಟ ಮೇಲೆ ಆ ಮನೆಯಿಂದ ಬಹಳ ಕಾಲ ಸುದ್ದಿಯಿಲ್ಲ. ಮೂಲೆಯ ಮಂಜನ್ನು ಯಾರೋ ಕಂಡುಹಿಡಿದಿರಬೇಕು, ಪುಟ್ಟ ಲೆನ್ಸಿನ ಕತೆ ಮುಗಿಯಿತು ಎಂದುಕೊಂಡೆ. ದಪ್ಪ ಲೆನ್ಸನ್ನು ಒರೆಸಿ ಮತ್ತೆ ಚೀಲಕ್ಕೆ ಹಾಕಿದೆ. ಹೆಂಡತಿ ಎಣ್ಣೆ ಬಾಟಲಿಯನ್ನು ತಂದು ಅದರ ಪಕ್ಕದಲ್ಲಿ ಇಟ್ಟಳು.

ಮೊನ್ನೆ ಯಜಮಾನರ ಫೋನು ಬಂತು.

"ನಮ್ಮ ಹುಡುಗಂದೂ ಮದ್ವೆ ಕೂಡ್ಬಂತು ಕಣಪ್ಪ. ಅದೇ ಗಡಗಡ ಅನ್ನೋ ಲೆನ್ಸೇ ತಗಂಬಾ, ಹಸೀದು ಬ್ಯಾಡ."

"ಆಯ್ತು ಯಜಮಾನ್ರೇ, ಅದನ್ನೇ ತತ್ತೀನಿ" ಎಂದೆ.

"ಮರೆತುಗಿರ್ತೀಯ ಮತ್ತೆ. ನಮ್ಮಕ್ಕ ಈ ಸಲ ಹೊಸ ಸೀರೆ ತಗಂಡವ್ಳೆ. ನಿಂಗ್ಯಾಕಕ್ಕ ಇಷ್ಟು ಅವಸರ ಅಂತ ನಾ ಕೇಳಿದ್ರೆ, ಲೆನ್ಸು ಮಧ್ಯಕ್ಕೆ ಕರೀತೈತಲ್ಲ ಅಂತಾಳೆ."