ಕೆಸರೆಬ್ಬಿಸದ ಕಾಲು

ಆಗ ನನಗೆ ಅರವತ್ತೆಂಟು. ಅದಾಗಿ ಈಗ ಐದು ವರ್ಷ. ನೆರೆಮನೆಯ ಸಾಬಣ್ಣ ತನ್ನ ಬಲೆಯನ್ನು ತಂದು ನನ್ನ ಮಡಿಲಿಗೆ ಹಾಕಿ, ಒಂದು ಬದಿಗೆ ಸೀಸದ ಗುಂಡು ಹೆಚ್ಚಾಗಿ ಓರೆಯಾಗಿ ಮುಳುಗುತ್ತದೆ, ಸರಿಮಾಡಿಕೊಡು ಎಂದು ಹೇಳಿ ಹೋಗಿದ್ದ. ಈ ಕೆಲಸ ಗೊತ್ತಿಲ್ಲದವರಿಗೆ ಹೇಳುತ್ತೇನೆ: ಮೇಲಿನ ಹಗ್ಗಕ್ಕೆ ತೇಲುವ ಬೆಂಡು, ಕೆಳಗಿನದಕ್ಕೆ ಗುಂಡು, ಎರಡರ ಎಳೆದಾಟ ಸರಿಸಮವಾದಾಗ ಮಾತ್ರ ಬಲೆ ನೀರಿನ ನಡುವೆ ಗೋಡೆಯಂತೆ ನಿಲ್ಲುತ್ತದೆ. ನಾಳೆ ಮಾಡಿದರಾಯಿತೆಂದು ಗೂಟಕ್ಕೆ ನೇತುಹಾಕಿದೆ. ಮೂರನೆಯ ದಿನ ಗಾಳಿಗೆ ತೆಪ್ಪ ಮಗುಚಿ ಸಾಬಣ್ಣ ಹೊಳೆಯ ಪಾಲಾದ.

ಕೂಡಲಸಂಗಮದ ಆಚೆ ನಮ್ಮ ಹಳೆಯ ಹೊಲಗಳೆಲ್ಲ ಹಿನ್ನೀರಿನ ತಳದಲ್ಲಿವೆ. ಎರೆಮಣ್ಣು ಅಲ್ಲಿ ಗಂಜಿಯಂತೆ ಕೂತಿದೆ. ಹುಡುಕಲು ಬಂದ ತಂಡದಲ್ಲಿ ನನ್ನ ಮೊಮ್ಮಗಳು ರೇಣುಕಾ ಇದ್ದಳು. ಬೆನ್ನಿಗೆ ಗಾಳಿಯ ಸಿಲಿಂಡರು, ಸೊಂಟಕ್ಕೆ ಸೀಸದ ಪಟ್ಟಿ, ಮೈಗೆ ಗಾಳಿ ತುಂಬುವ ಜಾಕೀಟು. ಎರಡು ದಿನ ಮುಳುಗಿದಳು, ಎರಡು ದಿನವೂ ಬರಿಗೈಯಲ್ಲಿ ಎದ್ದಳು. ಸಾಬಣ್ಣನ ಹೆಂಡತಿ ಮಲ್ಲವ್ವ ಬಾಯಿಗೆ ಹನಿ ನೀರು ಹಾಕದೆ ದಂಡೆಯಲ್ಲಿ ಕೂತಿದ್ದಳು. ಮಣ್ಣು ಮಾಡಲು ಮೈಯಾದರೂ ಸಿಗಲಿ, ಅಷ್ಟೇ ಅವಳ ಬೇಡಿಕೆ.

ಹುಡುಕಾಟದ ಮೂರನೆಯ ದಿನ ಮುಂಜಾನೆ ರೇಣುಕಾ ಮೇಲೆ ಬಂದು, “ನನ್ನ ಕೈ ನನಗ ಕಾಣವಲ್ದು ಆಯಿ, ಬರೇ ರಾಡಿ” ಅಂದಳು.

“ರಾಡಿ ಹೊಳಿದಲ್ಲ, ನಿನ್ನ ಕಾಲಿಂದು. ನೀ ಮುಳುಗಿದಲ್ಲೆ ನೀರು ಕರ್ರಗ ಆಗೂದು ಇಲ್ಲಿಂದ ಕಾಣತೈತಿ. ಒಳಗ ನಿಂತಿರ್ತಿ ಏನ?”

“ನೀನ ಕಲಿಸೀದಲ್ಲ, ಮೊದಲ ಕಾಲು ಊರು, ಆಮ್ಯಾಲ ಕೈ ಹಾಕು ಅಂತ!”

ಖರೆ. ಮುಳುಗಿದ ಹೊಲಗಳಲ್ಲಿ ಜಾಲಿಕಂಟಿಗಳು ಇನ್ನೂ ನಿಂತಿವೆ. ಮುಖಕ್ಕೆ ಮುಳ್ಳು ತಾಗಬಾರದೆಂದು ಊರ ಮಕ್ಕಳಿಗೆಲ್ಲ ಕಾಲು ಮೊದಲು ಬಿಡಲು ಕಲಿಸಿದವಳು ನಾನೇ. ಆ ಪಾಠ ಈಗ ಸಾಬಣ್ಣನನ್ನು ಮುಚ್ಚಿಟ್ಟಿತ್ತು.

ಅವಳನ್ನು ದಂಡೆಯ ಬಳಿ ಎದೆಮಟ್ಟದ ನೀರಿನಲ್ಲಿ ಬೋರಲು ಮಲಗಿಸಿ ನೋಡಿದೆ. ಸೊಂಟದ ಸೀಸ ಕೆಳಗೆ ಎಳೆಯುತ್ತದೆ. ಅದಕ್ಕೆ ಅಂಜಿ ಜಾಕೀಟಿಗೆ ಗಾಳಿ ತುಂಬುತ್ತಾಳೆ. ಗಾಳಿ ಎದೆಯನ್ನು ಎತ್ತುತ್ತದೆ, ಕಾಲು ಜೋತುಬೀಳುತ್ತವೆ. ಸಾಬಣ್ಣನ ಬಲೆಯದೇ ರೋಗ.

“ಎರಡು ಗುಂಡು ತಗದ ಬಿಡ್ರಿ, ಎರಡು ಹೆಗಲ ಕಡೆ ಕಟ್ರಿ” ಅಂದೆ.

ತಂಡದ ಮುಖಂಡ ನಕ್ಕ. “ಯವ್ವಾ, ಇದೇನ ಮೀನ ಹಿಡಿಯೂ ಬಲಿ ಏನ್ರಿ?”

“ನೀರಿಗೆ ಅದೆಲ್ಲ ಗೊತ್ತಾಗೂದಿಲ್ಲೋ ತಮ್ಮಾ.”

ನಗು ಬಿಟ್ಟು ಅವನೇ ಎರಡು ಸೀಸ ತೆಗೆದಿಟ್ಟ, ಮತ್ತೆರಡನ್ನು ಸಿಲಿಂಡರಿನ ಕೊರಳಿಗೆ ಬಿಗಿದ, ತಾನೇ ಜೊತೆಗಿದ್ದು ಪರೀಕ್ಷಿಸಿದ. ರೇಣುಕಾ ಚಾಪೆ ಹಾಸಿದಂತೆ ನೀರಿನಲ್ಲಿ ಅಡ್ಡ ನಿಂತಳು. ಉಸಿರು ಎಳೆದರೆ ಗೇಣು ಮೇಲೆ, ಬಿಟ್ಟರೆ ಗೇಣು ಕೆಳಗೆ. ಕೈಕಾಲು ಬಡಿಯುವ ಕೆಲಸವೇ ಇಲ್ಲ.

ನಾನು ಶಾಲೆಯಲ್ಲಿ ನಾಲ್ಕನೆಯ ಇಯತ್ತೆ ದಾಟದವಳು, ದೊಡ್ಡ ಮಾತು ಬರುವುದಿಲ್ಲ. ಆದರೆ ನೋಡಿ, ಕಾಲೂರಿ ನಿಲ್ಲುವುದೇ ಗಟ್ಟಿತನವೆಂದು ಜನ್ಮವಿಡೀ ನಂಬಿದ್ದೆ. ಸಾವಿನ ಮನೆಗೆ ಹೋದರೂ ನಡುಮನೆಯಲ್ಲಿ ನಿಂತು, ಹೋದವರು ಹೋದರು, ಎದ್ದು ಒಲೆ ಹಚ್ಚು ಎಂದು ಬಂದವಳು. ಗಂಡ ಸತ್ತಾಗ ನನಗೂ ಹಾಗೆಯೇ ಹೇಳಿಕೊಂಡಿದ್ದೆ. ಎಷ್ಟು ಮನೆಗಳ ತಿಳಿನೀರು ಕದಡಿದೆನೋ, ಲೆಕ್ಕವಿಟ್ಟಿಲ್ಲ. ಅಂದು ಮಲ್ಲವ್ವನ ಮುಂದೆಯೂ ಆ ಮಾತು ನಾಲಿಗೆಯ ತುದಿಯಲ್ಲಿತ್ತು. ನುಂಗಿದೆ.

ಮಧ್ಯಾಹ್ನ ಒಂದು ಜಾಲಿಕಂಟಿಯ ಬುಡದಲ್ಲಿ ರೇಣುಕಾಳಿಗೆ ಸಾಬಣ್ಣ ಸಿಕ್ಕ. ತಳದ ಕೆಸರು ಒಂದಿಷ್ಟೂ ಎದ್ದಿರಲಿಲ್ಲವಂತೆ. ಅಂಗಿಯ ಗುಂಡಿಯೂ ಕಾಣುತ್ತಿತ್ತಂತೆ. ಹೊತ್ತು ಮುಳುಗುವುದರೊಳಗೆ ಮಣ್ಣು ಮಾಡಿದೆವು. ಆಮೇಲೆ ಮಲ್ಲವ್ವ ನೀರು ಕೇಳಿ ಕುಡಿದಳು.

ಮರುದಿನ ಮುಂಜಾನೆ ನಾನು ಗೂಟದ ಬಲೆ ಇಳಿಸಿ, ಹೆಚ್ಚಿನ ಗುಂಡು ಬಿಚ್ಚಿ, ಹೊಳೆಗೆ ಬಿಟ್ಟು ನೆಟ್ಟಗೆ ನಿಂತದ್ದನ್ನು ಕಂಡ ಮೇಲೆ ಮಲ್ಲವ್ವನ ಮನೆಗೆ ಒಯ್ದೆ. ಅದನ್ನು ಅವಳ ಪಕ್ಕದಲ್ಲಿಟ್ಟು, ಒಲೆ ಹಚ್ಚು ಎನ್ನದೆ ಜೊತೆಗೆ ಕೂತೆ.